ಏನು ಮಾಡಿಸಲಿ ಅನ್ನುವುದಕ್ಕಿಂತ ಮೊದಲು ಓದಬೇಕಾದ ಪುಸ್ತಕಗಳು

ಪ್ರೈಮರಿ ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಹೊಸದಾಗಿ ಸೇರಿದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಮಕ್ಕಳ ಕೈಯಲ್ಲಿ ಮಾಡಿಸೋದಕ್ಕೆ ಒಳ್ಳೆ ಚಟುವಟಿಕೆ ಪುಸ್ತಕ ಯಾವುದಾದ್ರೂ ಇದ್ಯಾ?" ಕೇಳಬೇಕಾದ ಪ್ರಶ್ನೆಯೇ. ನಾಳೆ ಬೆಳಿಗ್ಗೆ ಕ್ಲಾಸ್ ಇರುತ್ತದೆ. ಮೂರನೇ ತರಗತಿಯ ಮಕ್ಕಳೆಲ್ಲ ಕಣ್ಣರಳಿಸಿಕೊಂಡು ಕೂತಿರುತ್ತಾರೆ. ಕೈಯಲ್ಲಿ ಏನಾದರೂ ಇರಲೇಬೇಕು ಅಲ್ವಾ?

ಅಂಥ ಪುಸ್ತಕಗಳಿಗೆ ಬರವಿಲ್ಲ. ಪೇಪರ್ ಪ್ಲೇಟಿನ ಮೀನು, ಕೈಯಚ್ಚಿನ ನವಿಲು, ಹತ್ತಿಯ ಮೋಡ, ಹೀಗೆ ವರ್ಷವಿಡೀ ಸಾಕಾಗುವಷ್ಟು ಸಿಗುತ್ತವೆ. ಆದರೆ ಕ್ಲಾಸಿನಲ್ಲಿ ನಿಂತಾಗ ಟೀಚರ್‌ಗೆ ನಿಜವಾಗಿ ಎದುರಾಗುವ ಪ್ರಶ್ನೆಗಳೇ ಬೇರೆ. ಒಬ್ಬ ಹುಡುಗ ತನ್ನ ಹಾಳೆ ತಂದು ಮುಖದ ಮುಂದೆ ಹಿಡಿಯುತ್ತಾನೆ. ಅದಕ್ಕೆ ಏನು ಹೇಳಬೇಕು? ಇನ್ನೊಬ್ಬಳು ಬರೆದ ಮನುಷ್ಯನಿಗೆ ಹೊಟ್ಟೆಯೇ ಇಲ್ಲ, ತಲೆಯಿಂದಲೇ ಕಾಲು ಹೊರಟಿದೆ. ತಿದ್ದಬೇಕಾ, ಬಿಡಬೇಕಾ? ಮತ್ತೊಬ್ಬ ಕೈಕಟ್ಟಿ ಕೂತು "ನಂಗೆ ಬರಲ್ಲ" ಅನ್ನುತ್ತಾನೆ. ಚಟುವಟಿಕೆ ಪುಸ್ತಕದಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ. ಈ ಪ್ರಶ್ನೆಗಳು ಒಂದೇ ಪೀರಿಯಡ್‌ನಲ್ಲಿ ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ನಾನು ಸದಾ ಹೇಳುವುದು ಇಷ್ಟು: ಮಕ್ಕಳ ಚಿತ್ರವನ್ನು ನೋಡುವುದು ಹೇಗೆ ಅಂತ ಕಲಿಸುವ ಪುಸ್ತಕ ಮೊದಲು ಓದಿ. ಏನು ಮಾಡಿಸಬೇಕು ಅನ್ನುವುದು ಆಮೇಲೆ ಅರ್ಧಕ್ಕರ್ಧ ತಾನಾಗಿಯೇ ಹೊಳೆಯುತ್ತದೆ.

ಆ ಸಾಲಿನಲ್ಲಿ ನನ್ನ ಲೆಕ್ಕಕ್ಕೆ ಮೊದಲನೆಯದು ವಿಕ್ಟರ್ ಲೋವೆನ್‌ಫೆಲ್ಡ್ ಬರೆದ 'ಕ್ರಿಯೇಟಿವ್ ಆ್ಯಂಡ್ ಮೆಂಟಲ್ ಗ್ರೋತ್'. ಬಂದಿದ್ದು 1947ರಲ್ಲಿ. ಲೋವೆನ್‌ಫೆಲ್ಡ್ ಆಸ್ಟ್ರಿಯಾದವರು. ವಿಯೆನ್ನಾದಲ್ಲಿ ಕುರುಡು ಮಕ್ಕಳಿಗೆ, ಅರೆಗಣ್ಣು ಕಾಣುವ ಮಕ್ಕಳಿಗೆ ಮಣ್ಣಿನ ಕೆಲಸ, ಚಿತ್ರ ಕಲಿಸುತ್ತಿದ್ದರು. ನಾಜಿಗಳು ಬಂದ ಮೇಲೆ ದೇಶ ಬಿಟ್ಟು ಅಮೆರಿಕಕ್ಕೆ ಹೋದರು, ಅಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಾ ಶಿಕ್ಷಣದ ಪ್ರಾಧ್ಯಾಪಕರಾದರು. ಕಣ್ಣು ಕಾಣದ ಮಕ್ಕಳ ಜೊತೆ ಕೆಲಸ ಮಾಡಿದ್ದರಿಂದಲೋ ಏನೋ, ಮಗು ಕಣ್ಣಿಂದ ಮಾತ್ರ ಚಿತ್ರ ಬರೆಯುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಲವು ಮಕ್ಕಳು ಕಂಡಿದ್ದನ್ನು ಬರೆಯುತ್ತಾರೆ. ಕೆಲವರು ಮೈಗೆ ಅನಿಸಿದ್ದನ್ನು ಬರೆಯುತ್ತಾರೆ. ಹಲ್ಲುನೋವಿನ ಚಿತ್ರ ಬರೆ ಅಂದರೆ ಮುಖ ಪೂರ್ತಿ ಬಾಯಿಯೇ ಆಗಿರುತ್ತದೆ. ಮರದಿಂದ ಹಣ್ಣು ಕೀಳುವ ಕೈ ಮೈಗಿಂತ ಉದ್ದ ಇರುತ್ತದೆ, ಕೆಲಸವಿಲ್ಲದ ಇನ್ನೊಂದು ಕೈ ಗಿಡ್ಡ. ಅಳತೆ ಗೊತ್ತಿಲ್ಲದೆ ಆದದ್ದಲ್ಲ ಅದು. ಆ ಹೊತ್ತಿಗೆ ಆ ಮಗುವಿಗೆ ಯಾವುದು ಮುಖ್ಯ ಅನ್ನುವುದು ಅಲ್ಲಿ ಬಂದಿದೆ.

ಲೋವೆನ್‌ಫೆಲ್ಡ್ ಹೆಸರು ಉಳಿದಿರುವುದು ಮುಖ್ಯವಾಗಿ ಹಂತಗಳಿಂದ. ಸುಮಾರು 2ರಿಂದ 4 ವರ್ಷದವರೆಗೆ ಗೀಚುವ ಕಾಲ. 4ರಿಂದ 7ರವರೆಗೆ ಆಕಾರಗಳನ್ನು ಹುಡುಕುವ ಕಾಲ. ತಲೆಗೇ ಕಾಲು ಹಚ್ಚಿದ ಮನುಷ್ಯ ಬರುವುದು ಇಲ್ಲೇ. 7ರಿಂದ 9ರ ಹೊತ್ತಿಗೆ ಪ್ರತಿ ಮಗುವಿಗೂ ಮನೆಗೊಂದು, ಮರಕ್ಕೊಂದು, ಮನುಷ್ಯನಿಗೊಂದು ಅಂತ ಸ್ವಂತ ಮಾದರಿ ಸಿದ್ಧವಾಗಿರುತ್ತದೆ. ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ, ಮೇಲೆ ಒಂದು ಪಟ್ಟಿ ಆಕಾಶ ಬರುತ್ತದೆ. 9 ದಾಟಿದ ಮೇಲೆ "ನಿಜವಾಗಿ ಇರೋ ಥರಾನೇ" ಬರಬೇಕು ಅನ್ನುವ ಹಟ ಶುರುವಾಗುತ್ತದೆ.

ಇದನ್ನು ಓದಿಕೊಂಡು ಒಂದು ಚಿತ್ರ ನೋಡಿ, ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ಏಳು ವರ್ಷದ ಹುಡುಗಿಯೊಬ್ಬಳು ಕೆರೆಯ ಚಿತ್ರ ಬರೆದಿದ್ದಳು. ನಡುವೆ ನೀಲಿ ಮೊಟ್ಟೆಯಂಥ ಕೆರೆ. ಸುತ್ತ ಮರಗಳು. ಮೇಲಿನ ದಡದ ಮರಗಳು ನೆಟ್ಟಗೆ ನಿಂತಿವೆ. ಎಡಕ್ಕಿರುವವು ಎಡಕ್ಕೆ ಮಲಗಿವೆ, ಬಲಕ್ಕಿರುವವು ಬಲಕ್ಕೆ. ಕೆಳಗಿನ ದಡದ ಮರಗಳು ತಲೆಕೆಳಗು. ಸುಮ್ನೆ ನೋಡಿದರೆ ತಪ್ಪೋ ತಪ್ಪು. ಆದರೆ ಆ ಹುಡುಗಿ ಬರೆಯುವಾಗ ಹಾಳೆಯನ್ನು ತಿರುಗಿಸುತ್ತಾ ಹೋದದ್ದನ್ನು ನಾನು ನೋಡುತ್ತಿದ್ದೆ. ಒಂದೊಂದು ದಡಕ್ಕೆ ಹೋಗಿ ನಿಂತು ಅಲ್ಲಿಂದ ಮರ ಹೇಗೆ ಕಾಣುತ್ತದೋ ಹಾಗೆ ಬರೆದಿದ್ದಾಳೆ. ಪ್ರತಿ ಮರದ ಬುಡವೂ ನೀರಿನ ಅಂಚಿಗೆ ತಾಗಿದೆ. ಒಂದೂ ತಪ್ಪಿಲ್ಲ. ಮೊದಲು ಕೆರೆಯ ಅಂಚು, ಆಮೇಲೆ ಬುಡ, ಆಮೇಲೆ ಕೊಂಬೆ, ಅದೇ ಕ್ರಮದಲ್ಲಿ ಸುತ್ತು ಹಾಕಿದ್ದಾಳೆ. ಲೋವೆನ್‌ಫೆಲ್ಡ್ ಇಂಥದ್ದಕ್ಕೆ ಮಡಚಿದ ಚಿತ್ರ ಅನ್ನುವ ಅರ್ಥದ ಹೆಸರು ಕೊಟ್ಟಿದ್ದಾರೆ. ಹಾಳೆಯ ನಾಲ್ಕೂ ಬದಿಯನ್ನು ಮೇಲಕ್ಕೆ ಮಡಚಿದರೆ ಮರಗಳೆಲ್ಲ ಎದ್ದು ನಿಲ್ಲುತ್ತವೆ! ಈ ಒಂದು ಮಾತು ಗೊತ್ತಿದ್ದರೆ ಸಾಕು, "ಮರ ಯಾಕಮ್ಮ ಮಲಗಿದೆ?" ಅನ್ನುವ ಪ್ರಶ್ನೆ ಬಾಯಿಗೇ ಬರುವುದಿಲ್ಲ.

ಪುಸ್ತಕ ಹಳೆಯದು. ಭಾಷೆ ಕೆಲವು ಕಡೆ ಭಾರ. ವಯಸ್ಸಿನ ಗಡಿಗಳನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ತೆಗೆದುಕೊಳ್ಳಬಾರದು. ಒಂದೇ ಮಗು ಒಂದೇ ವಾರದಲ್ಲಿ ಎರಡು ಹಂತಗಳ ನಡುವೆ ಓಡಾಡುತ್ತದೆ. ಲೋವೆನ್‌ಫೆಲ್ಡ್ ತೀರಿಕೊಂಡದ್ದು 1960ರಲ್ಲಿ. ಆಮೇಲಿನ ಆವೃತ್ತಿಗಳನ್ನು ಲ್ಯಾಂಬರ್ಟ್ ಬ್ರಿಟನ್ ಪರಿಷ್ಕರಿಸಿದರು. ಓದಲು ಅವು ಸ್ವಲ್ಪ ಸಲೀಸು. ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೂ ಸಾಕು, ಯಾವ ಆವೃತ್ತಿಯಾದರೂ ಪರವಾಗಿಲ್ಲ.

ಒಂದು ವಿಷಯದಲ್ಲಿ ಲೋವೆನ್‌ಫೆಲ್ಡ್ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ಇಟ್ಟು ಓದಬೇಕು. ಲೋವೆನ್‌ಫೆಲ್ಡ್‌ಗೆ ಬಣ್ಣ ತುಂಬುವ ಪುಸ್ತಕಗಳೆಂದರೆ ಆಗುತ್ತಿರಲಿಲ್ಲ. ಮಗು ಮೊದಲು ತನ್ನದೇ ಹಕ್ಕಿ ಬರೆಯುತ್ತದೆ. ಆಮೇಲೆ ಅಚ್ಚಿನ ಹಕ್ಕಿಗೆ ಬಣ್ಣ ತುಂಬುತ್ತದೆ. ಮುಂದಿನ ಸಲ ಬರೆಯುವಾಗ ತನ್ನ ಹಕ್ಕಿ ಹೋಗಿ ಅಚ್ಚಿನ ಹಕ್ಕಿ ಬಂದಿರುತ್ತದೆ. ಇದನ್ನು ಅವರು ಚಿತ್ರ ಸಮೇತ ತೋರಿಸಿದ್ದಾರೆ, ನೋಡಿದರೆ ನೋವಾಗುತ್ತದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಮಕ್ಕಳು ಬೇರೆ ಚಿತ್ರಗಳನ್ನು ನೋಡಿ ಬರೆಯುವುದೇ ತಪ್ಪು ಅಂತ ಅದನ್ನು ಎಳೆದರೆ ಒಪ್ಪುವುದಿಲ್ಲ. ಬ್ರೆಂಟ್ ವಿಲ್ಸನ್ ಮತ್ತು ಮಾರ್ಜರಿ ವಿಲ್ಸನ್ 1982ರಲ್ಲಿ 'ಟೀಚಿಂಗ್ ಚಿಲ್ಡ್ರನ್ ಟು ಡ್ರಾ' ಅನ್ನುವ ಪುಸ್ತಕ ತಂದರು. ಮಕ್ಕಳು ಕಾಮಿಕ್ಸ್, ಕಾರ್ಟೂನ್, ಅಕ್ಕಪಕ್ಕದ ಗೆಳೆಯರ ಚಿತ್ರ ಎಲ್ಲವನ್ನೂ ನೋಡಿಯೇ ಕಲಿಯುತ್ತಾರೆ, ಹಾಗೆ ಎತ್ತಿಕೊಂಡ ಗೆರೆಗಳಿಂದಲೇ ತಮ್ಮ ಕಥೆ ಕಟ್ಟುತ್ತಾರೆ ಅಂತ ತೋರಿಸಿದರು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಸೂಪರ್‌ಹೀರೋ ಬರೆಯುವ ಹುಡುಗ ಕಾಲ ಹಾಳು ಮಾಡುತ್ತಿಲ್ಲ. ಅವನು ಕೈ ಬಾಗುವುದು ಹೇಗೆ, ಓಡುವ ಕಾಲು ಎಲ್ಲಿ ಮಡಚುತ್ತದೆ ಅಂತ ತಾನೇ ಹುಡುಕಿಕೊಳ್ಳುತ್ತಿದ್ದಾನೆ. ಬಣ್ಣ ತುಂಬುವ ಪುಸ್ತಕದಲ್ಲಿ ಆ ಹುಡುಕಾಟ ಇಲ್ಲ, ಗೆರೆ ಯಾರೋ ಎಳೆದು ಮುಗಿಸಿದ್ದಾರೆ.

ಚಿಕ್ಕ ತರಗತಿಗಳಿಗೆ ಕಲಿಸುವವರು ರೋಡಾ ಕೆಲಾಗ್ ಅವರ 'ಅನಲೈಸಿಂಗ್ ಚಿಲ್ಡ್ರನ್ಸ್ ಆರ್ಟ್' ಕೂಡ ನೋಡಬೇಕು. 1969ರ ಪುಸ್ತಕ. ನರ್ಸರಿ ಮಕ್ಕಳ ಚಿತ್ರಗಳನ್ನು ಇಷ್ಟು ದೊಡ್ಡ ರಾಶಿಯಲ್ಲಿ ಕೂಡಿಹಾಕಿ ನೋಡಿದವರು ಕಡಿಮೆ. ಗೀಚುವುದರಲ್ಲೇ 20 ಬಗೆಗಳನ್ನು ಗುರುತಿಸಿದ್ದಾರೆ: ಚುಕ್ಕಿ, ನೆಟ್ಟನೆ ಗೆರೆ, ಅಡ್ಡ ಗೆರೆ, ಸುರುಳಿ, ಹೀಗೆ. ವೃತ್ತದೊಳಗೆ ಅಡ್ಡ ಉದ್ದ ಗೆರೆ ಬಂದು, ಅದರ ಸುತ್ತ ಕಿರಣಗಳು ಬಂದು ಸೂರ್ಯನಾಗಿ, ಆ ಸೂರ್ಯನೇ ಮನುಷ್ಯನಾಗುವ ದಾರಿಯನ್ನು ಅವರು ಹಂತಹಂತವಾಗಿ ತೋರಿಸುತ್ತಾರೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಿಲ್ಲ. ಚಿತ್ರಗಳ ಪುಟಗಳನ್ನು ತಿರುವಿ ಹಾಕಿದರೂ ಕಣ್ಣು ಬೇರೆಯಾಗುತ್ತದೆ.

ನೋಡುವುದು ಆಯಿತು. ಮಾತಾಡುವುದು?

ಮಗು ಚಿತ್ರ ತಂದು ತೋರಿಸಿದಾಗ "ತುಂಬಾ ಚೆನ್ನಾಗಿದೆ" ಅನ್ನುವುದು ಸುಲಭ. ಹತ್ತನೇ ಮಗುವಿಗೂ ಅದನ್ನೇ ಹೇಳಿದಾಗ ಮೊದಲನೇ ಮಗುವಿಗೆ ಅದು ಕೇಳಿಸಿರುತ್ತದೆ. "ಇದೇನು?" ಅಂತ ಕೇಳುವುದು ಇನ್ನೂ ಕಷ್ಟ. ಮೂರು ನಾಲ್ಕು ವರ್ಷದ ಮಗು ಏನೋ ಒಂದನ್ನು ಬರೆಯಬೇಕು ಅಂತ ಬರೆದಿರುವುದಿಲ್ಲ. ಕೈ ಓಡಿದ ಖುಷಿ ಅಷ್ಟೇ. ನೀವು ಕೇಳಿದ್ದಕ್ಕೆ ಪಾಪ, ಏನೋ ಒಂದು ಹೆಸರು ಹುಡುಕಿ ಹೇಳುತ್ತದೆ. ಅದರ ಬದಲು ಹಾಳೆಯಲ್ಲಿ ಕಾಣುವುದನ್ನು ಹೇಳಿ. "ಈ ಗೆರೆ ಇಲ್ಲಿಂದ ಶುರುವಾಗಿ ಹಾಳೆ ಪೂರ್ತಿ ಸುತ್ತಿ ಬಂದಿದೆ." "ಇಲ್ಲಿ ಕೆಂಪು ಒತ್ತಿ ಹಚ್ಚಿದ್ದೀಯ, ಅಲ್ಲಿ ತೆಳ್ಳಗೆ ಹಚ್ಚಿದ್ದೀಯ." ಮಗು ಒಂದು ಗಳಿಗೆ ತಾನೂ ಬಗ್ಗಿ ನೋಡಿ, ಆಮೇಲೆ ತಾನೇ ಮಾತು ಶುರು ಮಾಡುತ್ತದೆ.

ದೊಡ್ಡ ಕಲಾವಿದರ ಚಿತ್ರ ತೋರಿಸುವಾಗಲೂ ಇದೇ ದಾರಿ. ಇದಕ್ಕೆ ಫಿಲಿಪ್ ಯೆನವೈನ್ ಅವರ 'ವಿಷುವಲ್ ಥಿಂಕಿಂಗ್ ಸ್ಟ್ರಾಟಜೀಸ್' ಓದಿ, 2013ರಲ್ಲಿ ಬಂದಿದ್ದು. ಯೆನವೈನ್ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಅಬಿಗೇಲ್ ಹೌಸೆನ್ ಅನ್ನುವ ಮನಶ್ಶಾಸ್ತ್ರಜ್ಞೆ ಜೊತೆ ಸೇರಿ ಈ ವಿಧಾನ ಕಟ್ಟಿದರು. ಇಡೀ ವಿಧಾನ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಈ ಚಿತ್ರದಲ್ಲಿ ಏನು ನಡೀತಿದೆ? ಹಾಗಂತ ಹೇಳೋದಕ್ಕೆ ನಿನಗೆ ಏನು ಕಾಣಿಸ್ತು? ಇನ್ನೇನು ಕಾಣುತ್ತೆ? ಟೀಚರ್ ಮಾಡಬೇಕಾದ್ದು ಕಡಿಮೆ. ಮಗು ಹೇಳಿದ ಜಾಗಕ್ಕೆ ಬೆರಳು ತೋರಿಸಬೇಕು, ಅದು ಹೇಳಿದ್ದನ್ನು ತನ್ನ ಮಾತಲ್ಲಿ ಇನ್ನೊಮ್ಮೆ ಹೇಳಬೇಕು, ಬೇರೆ ಮಗು ಹೇಳಿದ್ದರ ಜೊತೆ ಕೂಡಿಸಬೇಕು. ಸರಿ ತಪ್ಪು ಹೇಳುವಂತಿಲ್ಲ. ಕಲಾವಿದನ ಹೆಸರು, ಇಸವಿ ಅಂತ ಉಪನ್ಯಾಸ ಬೇಡ.

ಜಪಾನಿನ ಕಲಾವಿದ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ಇಟ್ಟು ನೋಡಿ. ಮೊದಲು ಎಲ್ಲರೂ ಅಲೆ ಅನ್ನುತ್ತಾರೆ. ಅದರ ನೊರೆಯಲ್ಲಿ ಯಾರಿಗೋ ಉಗುರು ಕಾಣುತ್ತದೆ. ದೋಣಿ ಅಷ್ಟು ಬೇಗ ಕಾಣುವುದಿಲ್ಲ, ಯಾಕೆಂದರೆ ಅಲೆ ಹೇಗೆ ಬಾಗಿದೆಯೋ ದೋಣಿಯೂ ಹಾಗೇ ಬಾಗಿದೆ. ಒಂದು ಕಂಡ ಮೇಲೆ ಇನ್ನೆರಡು ಬೇಗ ಸಿಗುತ್ತವೆ. ಆಮೇಲೆ ದೋಣಿಯೊಳಗೆ ಸಾಲಾಗಿ ಬಗ್ಗಿ ಕೂತಿರುವ ಮನುಷ್ಯರು. ಅಷ್ಟು ಹೊತ್ತಿಗೆ ಕ್ಲಾಸಿನ ಗಲಾಟೆ ಬೇರೆಯೇ ದನಿಯಲ್ಲಿರುತ್ತದೆ. ಕೊನೆಗೆ ಯಾರೋ ಒಬ್ಬರು ನಡುವಿನ ಸಣ್ಣ ಅಲೆ ಅಲೆಯೇ ಅಲ್ಲ, ಹಿಮ ಹೊತ್ತ ಬೆಟ್ಟ ಅನ್ನುತ್ತಾರೆ. ಫ್ಯೂಜಿ ಪರ್ವತ ಅದು. "ಹಾಗಂತ ಹೇಳೋದಕ್ಕೆ ಏನು ಕಾಣಿಸ್ತು?" ಅಂತ ಕೇಳಿದರೆ "ಅದು ಅಲ್ಲಾಡ್ತಾ ಇಲ್ಲ" ಅನ್ನುವ ಉತ್ತರ ಬಂದೀತು. ಇದೇ ಮಕ್ಕಳು ಆಮೇಲೆ ನೀರು ಬರೆಯಲು ಕೂತಾಗ ಕೈ ಹೋಗುವ ರೀತಿಯೇ ಬೇರೆ ಇರುತ್ತದೆ.

ಇಂಥ ಚಿತ್ರಗಳಿಗೆ ಈಗ ದುಡ್ಡು ಕೊಡಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ 3,75,000ಕ್ಕೂ ಹೆಚ್ಚು ಫೋಟೊಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ 28 ಲಕ್ಷ ಚಿತ್ರಗಳೊಂದಿಗೆ ಬಾಗಿಲು ತೆರೆಯಿತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಕೂಡ ಹಾಗೇ. ಡೌನ್‌ಲೋಡ್ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕತ್ತರಿಸಿ ಕೊಲಾಜ್‌ಗೂ ಬಳಸಬಹುದು. ರೈಕ್ಸ್ ಮ್ಯೂಸಿಯಂನಲ್ಲಿ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ ಇದೆ. ಅದರ ಬ್ರೆಡ್ಡಿನ ಮೇಲೆ ಜೂಮ್ ಮಾಡುತ್ತಾ ಹೋಗಿ. ಬ್ರೆಡ್ ಕರಗಿ ಬಿಳಿ, ಹಳದಿ ಚುಕ್ಕಿಗಳಷ್ಟೇ ಉಳಿಯುತ್ತವೆ. ಹಿಂದಕ್ಕೆ ಬಂದರೆ ಮತ್ತೆ ಬ್ರೆಡ್. ಮ್ಯೂಸಿಯಂನಲ್ಲೇ ನಿಂತರೂ ಅಷ್ಟು ಹತ್ತಿರ ಹೋಗಲು ಬಿಡುವುದಿಲ್ಲ. ಒಂದೇ ಮಾತು, ಒಂದು ಕ್ಲಾಸಿಗೆ ಒಂದೇ ಚಿತ್ರ ಸಾಕು. ಇಷ್ಟೆಲ್ಲ ಪುಕ್ಕಟೆ ಸಿಗುತ್ತದೆ ಅಂತ ಒಂದರ ಹಿಂದೆ ಒಂದು ಸ್ಲೈಡ್ ಓಡಿಸಿದರೆ ಯಾವುದೂ ನಿಲ್ಲುವುದಿಲ್ಲ.

ಇನ್ನು ಒಂಬತ್ತು ಹತ್ತು ವರ್ಷದ ಮಕ್ಕಳ ವಿಷಯ. ಪ್ರೈಮರಿ ಚಿತ್ರಕಲೆಯಲ್ಲಿ ಅತ್ಯಂತ ನಾಜೂಕಾದ ಕಾಲ ಇದು ಅಂತ ನನ್ನ ಅನಿಸಿಕೆ. ಹಿಂದಿನ ವರ್ಷದವರೆಗೂ ಹಾಳೆ ಸಾಲದು ಅನ್ನುವಂತೆ ಬರೆಯುತ್ತಿದ್ದ ಮಗು ಈಗ ರಬ್ಬರ್ ಹಿಡಿದು ಕೂತಿದೆ. ಬರೆಯುವುದಕ್ಕಿಂತ ಅಳಿಸುವುದೇ ಜಾಸ್ತಿ. ಕೈಯಿಂದ ಮರೆ ಮಾಡಿಕೊಂಡು ಬರೆಯುತ್ತದೆ. ಇಲ್ಲಿ ಎಷ್ಟೋ ಜನ ಒಳ್ಳೆಯ ಮನಸ್ಸಿನಿಂದ "ನಿಂಗೆ ಹೇಗೆ ಅನ್ಸುತ್ತೋ ಹಾಗೆ ಬರಿ" ಅನ್ನುತ್ತಾರೆ. ಮಗುವಿಗೆ ಬೇಕಾದದ್ದು ಅದಲ್ಲ. ಅದಕ್ಕೆ ಸೈಕಲ್ ಸೈಕಲ್ ಥರ ಬರಬೇಕು. ಹೇಗೆ ಅಂತ ಯಾರಾದರೂ ಹೇಳಿಕೊಡಬೇಕು. ಆಗ ಹೇಳಿಕೊಡದಿದ್ದರೆ ಬಹಳಷ್ಟು ಮಕ್ಕಳು ಅಲ್ಲಿಗೇ ಬಿಟ್ಟುಬಿಡುತ್ತಾರೆ. ದೊಡ್ಡವರಾದ ಮೇಲೂ "ನಂಗೆ ಡ್ರಾಯಿಂಗ್ ಬರಲ್ಲ" ಅನ್ನುವವರ ಚಿತ್ರಗಳು ಅದೇ ವಯಸ್ಸಿನಲ್ಲಿ ನಿಂತಿರುತ್ತವೆ.

ಈ ಕಾಲಕ್ಕೆ ಎರಡು ಪುಸ್ತಕಗಳು ಕೈಹಿಡಿಯುತ್ತವೆ. ಮೋನಾ ಬ್ರೂಕ್ಸ್ ಅವರ 'ಡ್ರಾಯಿಂಗ್ ವಿತ್ ಚಿಲ್ಡ್ರನ್', 1986ರದ್ದು. ಚುಕ್ಕಿ, ವೃತ್ತ, ನೇರ ಗೆರೆ, ಬಾಗು ಗೆರೆ, ಮೂಲೆ ಗೆರೆ ಅಂತ ಐದೇ ಗುಂಪು ಮಾಡಿ, ಯಾವ ವಸ್ತುವನ್ನಾದರೂ ಈ ಐದರಲ್ಲಿ ಬಿಡಿಸಿ ನೋಡುವುದನ್ನು ಕಲಿಸುತ್ತಾರೆ. ಸ್ವಲ್ಪ ಕಟ್ಟುನಿಟ್ಟು ಅನಿಸಬಹುದು. ಚಿಕ್ಕ ಮಕ್ಕಳಿಗೆ ನಾನು ಇದನ್ನು ಬಳಸುವುದಿಲ್ಲ. ಆದರೆ ಹೆದರಿ ಕೂತ ನಾಲ್ಕನೇ ತರಗತಿಯ ಮಗುವಿಗೆ ಹಿಡಿದುಕೊಳ್ಳಲು ಒಂದು ತುದಿ ಬೇಕಲ್ಲ, ಅದು ಇಲ್ಲಿ ಸಿಗುತ್ತದೆ.

ಎರಡನೆಯದು ಬೆಟ್ಟಿ ಎಡ್ವರ್ಡ್ಸ್ ಅವರ 'ಡ್ರಾಯಿಂಗ್ ಆನ್ ದ ರೈಟ್ ಸೈಡ್ ಆಫ್ ದ ಬ್ರೇನ್', 1979ರದ್ದು. ದೊಡ್ಡವರಿಗಾಗಿ ಬರೆದದ್ದು. ಎಡ ಮೆದುಳು, ಬಲ ಮೆದುಳು ಅನ್ನುವ ಅದರ ವಿವರಣೆಯನ್ನು ಇವತ್ತಿನ ನರವಿಜ್ಞಾನ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಅಭ್ಯಾಸಗಳು ಮಾತ್ರ ನಿಜಕ್ಕೂ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಚಿತ್ರವನ್ನು ತಲೆಕೆಳಗಾಗಿ ಇಟ್ಟು ನೋಡಿ ಬರೆಯುವುದು. ಎಡ್ವರ್ಡ್ಸ್ ಅದಕ್ಕೆ ಪಿಕಾಸೊ ಬರೆದ, ಸಂಗೀತಗಾರ ಸ್ಟ್ರಾವಿನ್ಸ್ಕಿಯ ರೇಖಾಚಿತ್ರ ಬಳಸುತ್ತಾರೆ. ಮಕ್ಕಳಿಗೆ ಯಾವುದಾದರೂ ಸರಳ ಗೆರೆಚಿತ್ರ ಸಾಕು. ನೆಟ್ಟಗಿದ್ದಾಗ ಮಗು "ಇದು ಬೆರಳು" ಅಂದುಕೊಂಡು ತನಗೆ ಗೊತ್ತಿರುವ ಬೆರಳನ್ನೇ ಬರೆಯುತ್ತದೆ. ತಲೆಕೆಳಗಾದಾಗ ಅದು ಬೆರಳು ಅಂತ ಗೊತ್ತೇ ಆಗುವುದಿಲ್ಲ. ಗೆರೆ ಎಲ್ಲಿ ಬಾಗಿತು, ಪಕ್ಕದ ಗೆರೆಗೆ ಎಷ್ಟು ದೂರ ಅಂತ ಮಾತ್ರ ನೋಡಬೇಕಾಗುತ್ತದೆ. ಮುಗಿದ ಮೇಲೆ ಹಾಳೆ ತಿರುಗಿಸಿದಾಗ ಆ ಮುಖಗಳನ್ನು ನೋಡಬೇಕು! ಒಂದು ಪೀರಿಯಡ್‌ನ ಕೆಲಸ ಅಷ್ಟೇ. ಆದರೆ "ನಂಗೆ ಬರಲ್ಲ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಬಣ್ಣದ ವಿಷಯದಲ್ಲಿ ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಅರ್ಧ ಹೇಳಿ ಬಿಡುತ್ತವೆ. ಕೆಂಪು, ನೀಲಿ ಸೇರಿದರೆ ನೇರಳೆ ಅಂತ ಇರುತ್ತದೆ. ಮಗು ಸೇರಿಸುತ್ತದೆ, ಕೆಸರು ಬಣ್ಣ ಬರುತ್ತದೆ, ತನ್ನದೇ ತಪ್ಪು ಅಂದುಕೊಳ್ಳುತ್ತದೆ. ತಪ್ಪು ಬಣ್ಣದ ಡಬ್ಬಿಯಲ್ಲಿದೆ. ಕಿತ್ತಳೆ ಕಡೆ ವಾಲುವ ಕೆಂಪಿನಲ್ಲಿ ಸ್ವಲ್ಪ ಹಳದಿಯ ಗುಣ ಇರುತ್ತದೆ, ಹಸಿರು ಕಡೆ ವಾಲುವ ನೀಲಿಯಲ್ಲೂ ಅಷ್ಟೇ. ಎರಡನ್ನೂ ಬೆರೆಸಿದರೆ ಮೂರೂ ಬಣ್ಣ ಬೆರೆಸಿದ ಹಾಗಾಯಿತು. ನೇರಳೆ ಬೇಕಾದರೆ ಗುಲಾಬಿ ಕಡೆ ವಾಲುವ ಕೆಂಪು, ಅಂದರೆ ಮೆಜೆಂಟಾ ಥರದ್ದು ಬೇಕು. ಮೈಕೆಲ್ ವಿಲ್ಕಾಕ್ಸ್ ಅವರ 'ಬ್ಲೂ ಆ್ಯಂಡ್ ಯೆಲ್ಲೊ ಡೋಂಟ್ ಮೇಕ್ ಗ್ರೀನ್' ಇದನ್ನೇ ಬಿಡಿಸಿ ಹೇಳುತ್ತದೆ. ಮೂರು ಮೂಲ ಬಣ್ಣದ ಬದಲು ಎರಡೆರಡರಂತೆ ಆರು ಇಟ್ಟುಕೊಳ್ಳಿ ಅನ್ನುತ್ತದೆ. ಟೀಚರ್ ಓದಿಟ್ಟುಕೊಂಡರೆ ಸಾಕು, ಮಕ್ಕಳಿಗೆ ಸಿದ್ಧಾಂತ ಬೇಡ. ಅವರಿಗೆ ಒಂದು ಕೈಕೆಲಸದ ಗುಟ್ಟು ಹೇಳಿಕೊಡಿ: ತೆಳು ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ಅದೂ ಬ್ರಷ್ಷಿನ ತುದಿಯಷ್ಟೇ. ಹಳದಿಗೆ ಕಡಲೆ ಕಾಳಿನಷ್ಟು ನೀಲಿ ಹಾಕಿದರೂ ಹಳದಿ ಹೋಗಿಬಿಡುತ್ತದೆ. ಹನಿ ಹನಿ ಹಾಕುತ್ತಾ ಪ್ರತಿ ಸಲ ಹಾಳೆಯ ಮೇಲೆ ಒಂದೊಂದು ಗುರುತು ಹಚ್ಚುತ್ತಾ ಹೋದರೆ ಹಳದಿಯಿಂದ ನೀಲಿಯವರೆಗೆ ಸಾಲಾಗಿ ಹಸಿರುಗಳು ನಿಲ್ಲುತ್ತವೆ. ಆಮೇಲೆ ಆ ಒಂದೊಂದು ಹಸಿರಿಗೂ ಹೆಸರಿಡಲು ಹೇಳಿ. ಮಕ್ಕಳು ಇಡುವ ಹೆಸರುಗಳ ಮುಂದೆ ಡಬ್ಬಿಯ ಮೇಲಿನ ಹೆಸರುಗಳು ಸಪ್ಪೆ.

ಚಿಕ್ಕವರಿಗೆ ಬಣ್ಣದ ಪಾಠಕ್ಕೆ ಲಿಯೋ ಲಿಯೊನ್ನಿಯ 'ಲಿಟಲ್ ಬ್ಲೂ ಆ್ಯಂಡ್ ಲಿಟಲ್ ಯೆಲ್ಲೊ' ಇಟ್ಟುಕೊಳ್ಳಿ. 1959ರ ಚಿತ್ರಪುಸ್ತಕ. ರೈಲಿನಲ್ಲಿ ಮೊಮ್ಮಕ್ಕಳನ್ನು ಸುಮ್ಮನಿರಿಸಲು ಪತ್ರಿಕೆಯ ಹಾಳೆ ಹರಿದು ಹೇಳಿದ ಕಥೆ ಪುಸ್ತಕವಾಯಿತು. ಪಾತ್ರಗಳೆಲ್ಲ ಬರೀ ಹರಿದ ಬಣ್ಣದ ಚೂರುಗಳು. ಆದರೂ ಮಕ್ಕಳಿಗೆ ಯಾರು ಅಪ್ಪ, ಯಾರು ಗೆಳೆಯ ಅಂತ ಗೊಂದಲವೇ ಆಗುವುದಿಲ್ಲ. ಆಕಾರ, ಅಳತೆ, ಜಾಗ ಇವಿಷ್ಟರಿಂದಲೇ ಕಥೆ ಹೇಳಬಹುದು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಪೀಟರ್ ರೆನಾಲ್ಡ್ಸ್ ಅವರ 'ದ ಡಾಟ್' ಎಲ್ಲರಿಗೂ ಗೊತ್ತಿರುತ್ತದೆ. 2003ರದ್ದು. ಖಾಲಿ ಹಾಳೆ ಮುಂದೆ ಕೂತ ವಾಷ್ಟಿ ಅನ್ನುವ ಹುಡುಗಿ, ಅವಳ ಒಂದು ಚುಕ್ಕಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುವ ಟೀಚರ್. ಮರುವರ್ಷ ಬಂದ 'ಇಷ್' ನನಗೆ ಅದಕ್ಕಿಂತ ಇಷ್ಟ. ಹೂದಾನಿ ಹೂದಾನಿಯಂತೆ ಬರಲಿಲ್ಲ ಅಂತ ಹಾಳೆ ಮುದುಡಿ ಎಸೆಯುವ ಹುಡುಗನ ಕಥೆ. ಅವನ ತಂಗಿ ಆ ಹಾಳೆಗಳನ್ನೆಲ್ಲ ಆಯ್ದು ತನ್ನ ಕೋಣೆಯ ಗೋಡೆಗೆ ಅಂಟಿಸಿರುತ್ತಾಳೆ. ಮೇಲೆ ಹೇಳಿದ ಒಂಬತ್ತು ವರ್ಷದ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಒಂದೇ ಬೇಡಿಕೆ: ಓದಿ ಮುಗಿದ ತಕ್ಷಣ ಎಲ್ಲರ ಕೈಯಲ್ಲೂ ಚುಕ್ಕಿ ಬರೆಸಬೇಡಿ. ತನ್ನದೇ ಗುರುತು ಹಾಕು ಅನ್ನುವ ಪುಸ್ತಕ ಅದು. ಓದಿ, ಮುಚ್ಚಿಟ್ಟು, ಬೇರೆ ಕೆಲಸ ಶುರು ಮಾಡಿ. ಬೇಕಾದವರು ಬೇಕಾದಾಗ ನೆನಪಿಸಿಕೊಳ್ಳುತ್ತಾರೆ.

ಪಾಠ ಯೋಜನೆ ಹಾಕುವವರಿಗೆ 'ಸ್ಟುಡಿಯೋ ಥಿಂಕಿಂಗ್' ಅನ್ನುವ ಪುಸ್ತಕ ಇದೆ. ಹಾರ್ವರ್ಡ್‌ನ ಪ್ರಾಜೆಕ್ಟ್ ಝೀರೋ ತಂಡದವರು 2007ರಲ್ಲಿ ತಂದದ್ದು. ಹೈಸ್ಕೂಲ್ ಕಲಾ ತರಗತಿಗಳಲ್ಲಿ ಕೂತು, ಟೀಚರ್‌ಗಳು ನಿಜವಾಗಿ ಏನು ಕಲಿಸುತ್ತಾರೆ ಅಂತ ನೋಡಿ ಎಂಟು ರೂಢಿಗಳನ್ನು ಹೆಕ್ಕಿದ್ದಾರೆ. ಕೈಕೌಶಲ ಅದರಲ್ಲಿ ಒಂದು ಮಾತ್ರ. ಬಿಡದೆ ಮುಂದುವರಿಸುವುದು, ಇಲ್ಲದ್ದನ್ನು ಮನಸ್ಸಲ್ಲಿ ಕಾಣುವುದು, ಭಾವ ತರುವುದು, ಗಮನಿಸುವುದು, ತನ್ನ ಕೆಲಸದ ಬಗ್ಗೆ ಯೋಚಿಸಿ ಮಾತಾಡುವುದು, ಗೊತ್ತಿರುವುದನ್ನು ದಾಟಿ ಹೋಗಿ ಆಟವಾಡುವುದು, ಕಲೆಯ ಲೋಕ ತಿಳಿಯುವುದು, ಇವು ಉಳಿದ ಏಳು. 2018ರಲ್ಲಿ ಇದೇ ವಿಚಾರವನ್ನು ಚಿಕ್ಕ ತರಗತಿಗಳಿಗೆ ಇಳಿಸಿ 'ಸ್ಟುಡಿಯೋ ಥಿಂಕಿಂಗ್ ಫ್ರಮ್ ದ ಸ್ಟಾರ್ಟ್' ತಂದರು. ಪ್ರೈಮರಿಯವರು ನೇರವಾಗಿ ಇದಕ್ಕೇ ಹೋಗಬಹುದು. ಚಟುವಟಿಕೆ ಪುಸ್ತಕ ಬಳಸುವುದಾದರೂ ಈ ಎಂಟನ್ನು ಪಕ್ಕದಲ್ಲಿಟ್ಟುಕೊಂಡು ಬಳಸಿ. ಪೇಪರ್ ಪ್ಲೇಟಿನ ಮೀನನ್ನು ಇದರ ಮುಂದೆ ಹಿಡಿದರೆ ಕೈಕೌಶಲವೊಂದೇ, ಅದೂ ಅಷ್ಟಕ್ಕಷ್ಟೇ. ಅದೇ ಮೀನಿಗೆ "ಬೆಳಕೇ ಇಲ್ಲದ ಆಳದಲ್ಲಿ ಬದುಕೋ ಮೀನು ಹೇಗಿರುತ್ತೆ, ನೀನೇ ಕಟ್ಟು" ಅಂತ ಒಂದು ಮಾತು ಸೇರಿಸಿದರೆ ಇನ್ನೂ ನಾಲ್ಕಾದರೂ ಒಳಗೆ ಬರುತ್ತವೆ.

ಇದರ ಜೊತೆಗೇ ಕ್ಯಾಥರೀನ್ ಡಗ್ಲಸ್ ಮತ್ತು ಡಯೇನ್ ಜಾಕ್ವಿತ್ ಬರೆದ 'ಎಂಗೇಜಿಂಗ್ ಲರ್ನರ್ಸ್ ಥ್ರೂ ಆರ್ಟ್‌ಮೇಕಿಂಗ್' ಕೂಡ ಇದೆ. ಕ್ಲಾಸಿನಲ್ಲಿ ಡ್ರಾಯಿಂಗ್ ಮೂಲೆ, ಪೇಂಟಿಂಗ್ ಮೂಲೆ, ಮಣ್ಣಿನ ಮೂಲೆ ಅಂತ ಮಾಡಿ, ಏನು ಮಾಡಬೇಕು ಅನ್ನುವುದನ್ನು ಮಕ್ಕಳಿಗೇ ಬಿಡುವ ಪದ್ಧತಿ. ಮಕ್ಕಳು ಜಾಸ್ತಿ, ಜಾಗ ಕಡಿಮೆ ಇರುವಲ್ಲಿ ಪೂರ್ತಿ ಮಾಡುವುದು ಕಷ್ಟ. ಶುರುವಿನಲ್ಲಿ ಐದೇ ನಿಮಿಷ ಏನಾದರೊಂದು ತೋರಿಸಿ ಉಳಿದ ಸಮಯ ಮಕ್ಕಳಿಗೆ ಕೊಡುವುದು ಮಾತ್ರ ಎಲ್ಲಿ ಬೇಕಾದರೂ ಸಾಧ್ಯ.

ಸಾಮಾನು ಕೊಳ್ಳುವಾಗ ಲೇಬಲ್ ಓದುವುದನ್ನೂ ಕಲಿಯಬೇಕು. ಎ.ಪಿ. (ಅಪ್ರೂವ್ಡ್ ಪ್ರಾಡಕ್ಟ್) ಮುದ್ರೆ ಇದ್ದರೆ ಹಾನಿ ಮಾಡುವಷ್ಟು ವಿಷ ಅದರಲ್ಲಿಲ್ಲ ಅಂತ ವಿಷತಜ್ಞರು ಪರೀಕ್ಷಿಸಿದ್ದಾರೆ ಅಂತ ಅರ್ಥ. ಸಿ.ಎಲ್. ಅಂತಿದ್ದರೆ ಎಚ್ಚರಿಕೆ ಬೇಕಾದ ಸಾಮಾನು, ಚಿಕ್ಕ ಮಕ್ಕಳ ಕ್ಲಾಸಿಗೆ ಬೇಡ. ಎ.ಎಸ್.ಟಿ.ಎಂ. ಡಿ-4236 ಅನ್ನುವ ಅಮೆರಿಕದ ಮಾನದಂಡದ ಸಾಲು ನೋಡಿ ಸಮಾಧಾನ ಪಡುವವರು ಬಹಳ. ಅಪಾಯ ಇದ್ದರೆ ಲೇಬಲ್‌ನಲ್ಲಿ ಹೇಳಿದ್ದೇವೆ ಅಂತಷ್ಟೇ ಅದರ ಅರ್ಥ, ಅಪಾಯ ಇಲ್ಲ ಅಂತಲ್ಲ. ದೂಳಿನ ಬಗ್ಗೆಯೂ ಒಂದು ಮಾತು. ಒಣಗಿದ ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಯಾಸ್ಟೆಲ್ ಪುಡಿಯನ್ನು ಬಾಯಿಂದ ಊದುವ ಅಭ್ಯಾಸ ಮಕ್ಕಳಿಗೆ ಬೇಗ ಬರುತ್ತದೆ. ಹಾಳೆಯ ಬೆನ್ನಿಗೆ ತಟ್ಟಿ ಉದುರಿಸುವುದನ್ನು ಮೊದಲ ದಿನವೇ ಕಲಿಸಿ.

ಇವೆಲ್ಲ ಇದ್ದರೂ, "ಚಿತ್ರ ಬರೆದು ಏನಾಗಬೇಕು?" ಅಂತ ಕೇಳುವವರು ಇದ್ದೇ ಇರುತ್ತಾರೆ. ಆಗ ಎಲಿಯಟ್ ಐಸ್ನರ್ ನೆರವಿಗೆ ಬರುತ್ತಾರೆ. ಚಿತ್ರಕಾರರಾಗಿ ಶುರು ಮಾಡಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಪ್ರಾಧ್ಯಾಪಕರಾದವರು. 'ದಿ ಆರ್ಟ್ಸ್ ಆ್ಯಂಡ್ ದ ಕ್ರಿಯೇಷನ್ ಆಫ್ ಮೈಂಡ್' 2002ರ ಪುಸ್ತಕ. ಒಂದು ಸಮಸ್ಯೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು, ಸಣ್ಣ ವ್ಯತ್ಯಾಸವೂ ದೊಡ್ಡ ಪರಿಣಾಮ ಮಾಡಬಹುದು ಅನ್ನುವುದನ್ನು ಕಲೆ ಕಲಿಸುತ್ತದೆ ಅನ್ನುತ್ತಾರೆ. ದೇವಿ ಪ್ರಸಾದ್ ಅವರ 'ಆರ್ಟ್: ದ ಬೇಸಿಸ್ ಆಫ್ ಎಜುಕೇಷನ್' ಇನ್ನೂ ಹತ್ತಿರ ಅನಿಸುತ್ತದೆ. ಶಾಂತಿನಿಕೇತನದಲ್ಲಿ ಕಲಿತು ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲಿಸಿದ ಕುಂಬಾರ ಅವರು. ಐಸ್ನರ್ ವಾದ ಮಂಡಿಸುತ್ತಾರೆ. ದೇವಿ ಪ್ರಸಾದ್ ಮಕ್ಕಳ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಅನುಭವದಿಂದ ಬರೆಯುತ್ತಾರೆ. ಹೆಡ್‌ಮಾಸ್ಟರ್ ಜೊತೆ ಮಾತಾಡುವ ಮುಂಚೆ ಮೊದಲನೆಯದನ್ನು ಓದಿ. ಕೆಲಸ ಸಾಕಪ್ಪ ಅನಿಸಿದ ದಿನ ಎರಡನೆಯದು.

ಎಲ್ಲವನ್ನೂ ಒಟ್ಟಿಗೆ ತರುವ ಅಗತ್ಯ ಇಲ್ಲ. ಈ ವರ್ಷ ಒಂದೇ ಪುಸ್ತಕ ಅಂದರೆ ಲೋವೆನ್‌ಫೆಲ್ಡ್. ಅದರ ಜೊತೆ ಪ್ರತಿ ಮಗುವಿಗೂ ಹಳೆಯ ಪೇಪರಿನಿಂದ ಒಂದು ಫೋಲ್ಡರ್ ಮಾಡಿಡಿ. ಚಿತ್ರದ ಹಿಂದೆ ತಾರೀಕು ಬರೆಯಿರಿ. ಬರೆಯುತ್ತಿದ್ದಾಗ ಮಗು ಏನಾದರೂ ಹೇಳಿದ್ದರೆ ಅದನ್ನೂ ಅದರದೇ ಮಾತಿನಲ್ಲಿ ಬರೆದಿಡಿ, ತಿದ್ದಬೇಡಿ. ಪೋಷಕರ ಸಭೆಗೆ ಮಾರ್ಕ್ಸ್ ಕಾರ್ಡಿನ ಬದಲು ಆ ಫೋಲ್ಡರ್ ತೆಗೆದುಕೊಂಡು ಹೋಗಿ. ಜೂನ್‌ನ ಚಿತ್ರ, ನವೆಂಬರ್‌ನ ಚಿತ್ರ, ಫೆಬ್ರವರಿಯ ಚಿತ್ರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮೊದಲು ಏನೂ ಹೇಳದೆ, ಅಪ್ಪ ಅಮ್ಮನಿಗೂ ಅದೇ ಪ್ರಶ್ನೆ ಕೇಳಿ: ಏನು ಕಾಣಿಸ್ತಿದೆ?